ಗೇಟಿನ ಕಂಬದ ಮೇಲಿನ ಬಕೆಟ್ಟು

ನಮ್ಮ ಹಾಲಿನ ಸೊಸೈಟಿಗೆ ಐದು ಜನ ಡೈರೆಕ್ಟರುಗಳಿದ್ದರೂ ಊರಿನಲ್ಲಿ ‘ಡೈರೆಕ್ಟರು’ ಎಂದರೆ ನಮ್ಮ ಪಕ್ಕದ ಮನೆಯವರು ಒಬ್ಬರೇ. ಉಳಿದ ನಾಲ್ವರು ಸಭೆ ಮುಗಿದ ಮೇಲೆ ತಮ್ಮ ಡೈರೆಕ್ಟರುಗಿರಿಯನ್ನು ಕುರ್ಚಿಯ ಮೇಲೇ ಬಿಟ್ಟು ಮನೆಗೆ ಹೋಗುತ್ತಾರೆ. ಇವರು ಮಾತ್ರ ಅದನ್ನು ಕೊಟ್ಟಿಗೆಗೂ ಬಚ್ಚಲಿಗೂ ಹೊತ್ತುಕೊಂಡು ಹೋಗುತ್ತಾರೆ. ಹಸುವಿಗೆ ಹುಲ್ಲು ಹಾಕುವಾಗಲೂ ಯಾವುದೋ ಶಾಖೆಯನ್ನು ಉದ್ಘಾಟಿಸುವವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ನಾನು ಆ ಸೊಸೈಟಿಯ ಗುಮಾಸ್ತ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಆದ್ದರಿಂದ ಅವರ ಸಂಸಾರದ ವಿಷಯದಲ್ಲಿ ನನಗೆ ಗೊತ್ತಿರುವಷ್ಟು ಅವರಿಗೂ ಗೊತ್ತಿಲ್ಲ.

ಆ ತಿಂಗಳು ಊರಿನಲ್ಲಿ ಒಂದೇ ಚರ್ಚೆ. ರೈತ ಮಹಿಳೆಯರ ಸಂಘ ಹದಿನಾರು ವರ್ಷದಿಂದ ಶಾಲೆಯ ಹಿಂದಿನ ಕೋಣೆಯಲ್ಲಿ ಸೇರುತ್ತಿತ್ತು. ಶಾಲೆಗೆ ಮಕ್ಕಳು ಹೆಚ್ಚಾದರು, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ ಎಂದು ಹೆಡ್‌ಮೇಷ್ಟ್ರು ಹೇಳಿದರು. ಸಂಘದವರು ನಮ್ಮ ಸೊಸೈಟಿಗೆ ಬಂದು, ಹಳೆಯ ಹಿಂಡಿ ಗೋಡೌನು ಕೊಡಿ ಎಂದು ಅರ್ಜಿ ಹಾಕಿದರು. ಆ ಗೋಡೌನಿನಲ್ಲಿ ಹಿಂಡಿ ಇಟ್ಟು ಎಂಟು ವರ್ಷವಾಗಿತ್ತು. ಆದರೂ ಖಾಲಿ ಇದ್ದದ್ದು ಖಾಲಿಯಾಗಿಯೇ ಇರಬೇಕು ಎನ್ನುವುದು ನಮ್ಮ ಆಡಳಿತ ಮಂಡಳಿಯ ಮೂಲ ತತ್ವ. ಅಧ್ಯಕ್ಷರೂ ಸೇರಿ ನಾಲ್ವರು ವಿರೋಧ. ಐದನೆಯವರಿಗೆ ಕಿವಿ ಕೇಳುವುದಿಲ್ಲ, ಅವರು ಪರವಾಗಿಯೂ ಕೈ ಎತ್ತುತ್ತಾರೆ, ವಿರೋಧವಾಗಿಯೂ ಎತ್ತುತ್ತಾರೆ. ವಿರೋಧದ ನಾಲ್ವರಲ್ಲಿ ನಮ್ಮ ಡೈರೆಕ್ಟರೂ ಒಬ್ಬರು. ತಮಾಷೆಯೆಂದರೆ, ಆ ಸಂಘದ ಕಾರ್ಯದರ್ಶಿ ಅವರ ಹೆಂಡತಿಯೇ, ನಾನು ಅತ್ತಿಗೆ ಎಂದು ಕರೆಯುವವರು.

ಭಾನುವಾರ ಸಂಜೆ ಗೋಡೆಯಾಚೆ ಮಾತು ಶುರುವಾಯಿತು. ನಾನು ಗಿಡಕ್ಕೆ ನೀರು ಹಾಕುತ್ತಿದ್ದೆ. ಮಾತು ಮುಗಿಯುವವರೆಗೂ ಒಂದೇ ಗಿಡಕ್ಕೆ ಹಾಕಿದೆ.

“ಅಲ್ಲ, ನಿಮ್ಮ ಸಂಘ ಮಾಡೋದಾದ್ರೂ ಏನು? ಟೀ ಕುಡಿಯೋದು, ಊರವರ ಮನೆ ವಿಷಯ ಮಾತಾಡೋದು. ಅದಕ್ಕೆ ಗೋಡೌನ್ ಬೇರೆ ಬೇಕಾ? ಬಸ್ ಸ್ಟ್ಯಾಂಡ್ ಸಾಲಲ್ವಾ?”

“ಕೆಲಸ ಮಾಡ್ತೀವಿ,” ಎಂದರು ಅತ್ತಿಗೆ.

“ಏನು ಕೆಲಸ? ಹದಿನಾರು ವರ್ಷದಲ್ಲಿ ನಾನು ಒಂದು ದಿನಾನೂ ಕಣ್ಣಲ್ಲಿ ಕಂಡಿಲ್ಲ.”

“ಎಲ್ಲರಿಗೂ ಕಾಣೋ ಹಾಗೆ ಮಾಡಿದ್ರೆ ಅದು ಡೈರೆಕ್ಟರುಗಿರಿ ಆಗುತ್ತೆ.”

ಡೈರೆಕ್ಟರ ಕಿವಿ ಕೆಂಪಾದದ್ದು ಗೋಡೆಯ ಈಚೆಗೂ ಕಾಣಿಸಿತು. ಹೆಂಗಸರ ಕೆಲಸವನ್ನೆಲ್ಲ ಸುಮ್ಮನೆ ದೊಡ್ಡದು ಮಾಡುತ್ತಾರೆ, ನಾಲ್ಕು ದಿನ ನೀನಿಲ್ಲದೆ, ಯಾರ ಸಹಾಯವೂ ಇಲ್ಲದೆ ಮನೆ ಕೊಟ್ಟಿಗೆ ಎರಡನ್ನೂ ನಡೆಸಿ ತೋರಿಸುತ್ತೇನೆ ಎಂದು ಅವರು ಪಂಥ ಕಟ್ಟಿದರು. ಗೆದ್ದರೆ ಸಂಘದ ಅರ್ಜಿ ವಾಪಸ್ಸು. ಸೋತರೆ ಗುರುವಾರದ ಸಭೆಯಲ್ಲಿ ಗೋಡೌನು ಕೊಡಿಸುವ ಜವಾಬ್ದಾರಿ ತಮ್ಮದು.

“ಆದ್ರೆ ಒಂದು ಷರತ್ತು,” ಎಂದರು. “ಯಾರಿಗೂ ಹೇಳದೆ ಹೋಗ್ಬೇಕು. ನಿಮ್ಮ ಸಂಘದವರಿಗೆ ಗೊತ್ತಾದ್ರೆ ಸಹಾಯ ಅಂತ ಬಂದು ನನ್ನ ಹೆಸರು ಕೆಡಿಸ್ತಾರೆ.”

ಅತ್ತಿಗೆಯ ಕಡೆಯಿಂದ ಪಣಕ್ಕೆ ಬಿದ್ದದ್ದು ಹದಿನಾರು ವರ್ಷದ ಸಂಘ. ಆದರೂ ಅವರು, “ಆಯ್ತು. ನಾಳೆ ಮೊದಲ ಬಸ್ಸಿಗೆ ತಂಗಿ ಮನೆಗೆ ಹೋಗ್ತೀನಿ. ಗುರುವಾರ ಸಂಜೆ ಬರ್ತೀನಿ,” ಎಂದರು. ಡೈರೆಕ್ಟರು ಗೋಡೆಯ ಕಡೆ ತಿರುಗಿ, “ಗುಮಾಸ್ತರೇ, ಕೇಳಿಸ್ಕೊಂಡ್ರಲ್ಲ? ನೀವೇ ಸಾಕ್ಷಿ. ಗುರುವಾರದವರೆಗೂ ಬಾಯಿ ಬಿಡೋ ಹಾಗಿಲ್ಲ,” ಎಂದರು. ನಾನು ಮಾತು ಕೊಟ್ಟೆ. ನನ್ನ ಸ್ವಂತ ಹೆಂಡತಿಗೂ ಹೇಳಲಿಲ್ಲ. ಅವಳೂ ಸಂಘದವಳೇ.

ಸೋಮವಾರ ಡೈರೆಕ್ಟರು ಐದು ಗಂಟೆಗೆ ಎದ್ದರು. ಕೆಂಪು ಹಸು ಅವರನ್ನು ಮೇಲಿಂದ ಕೆಳಗೆ ನೋಡಿ, ಅರ್ಧ ಹಾಲು ಕೊಟ್ಟು, ಒಂದು ಸಲ ಒದ್ದಿತು. ಒಲೆಯ ಮೇಲಿಟ್ಟ ಗಂಜಿ ತಳ ಹಿಡಿಯಿತು. ಉಪ್ಪು ಎಲ್ಲಿದೆಯೋ ಸಿಗಲಿಲ್ಲ. ಆದರೆ ಒಂದು ಕೆಲಸದಲ್ಲಿ ತಮಗೆ ಹುಟ್ಟಿನಿಂದಲೇ ಕೈ ಪಳಗಿದೆ ಎನ್ನುವುದು ಅವರಿಗೆ ಆವತ್ತು ಗೊತ್ತಾಯಿತು. ಅದು ಹಾಲಿನ ಬಕೆಟ್ಟು ತೊಳೆಯುವುದು. ಬೂದಿ ಹಾಕಿ ಮುಕ್ಕಾಲು ಗಂಟೆ ತಿಕ್ಕಿದರು. ಬಕೆಟ್ಟು ಕನ್ನಡಿಯ ಹಾಗೆ ಹೊಳೆಯಿತು. ಇಂಥ ಬಕೆಟ್ಟನ್ನು ಅಡುಗೆಮನೆಯ ಮೂಲೆಯಲ್ಲಿಟ್ಟರೆ ಯಾರು ನೋಡಬೇಕು? ತಂದು ಗೇಟಿನ ಕಂಬದ ಮೇಲೆ ಬೋರಲು ಹಾಕಿದರು, ರಸ್ತೆಯಲ್ಲಿ ಹೋಗುವವರ ಕಣ್ಣು ಕುಕ್ಕುವ ಹಾಗೆ.

“ಹೇಗಿದೆ?” ಎಂದು ನನ್ನನ್ನು ಕೇಳಿದರು.

“ಚೆನ್ನಾಗಿದೆ.”

“ಇದು ಬರೀ ಬಕೆಟ್ಟಲ್ಲ ಗುಮಾಸ್ತರೇ. ನನ್ನ ಹೆಂಡ್ತಿಗೆ ಉತ್ತರ.”

ಇಲ್ಲಿ ನನಗಾಗಲಿ ಡೈರೆಕ್ಟರಿಗಾಗಲಿ ಊರಿನ ಯಾವ ಗಂಡಸಿಗಾಗಲಿ ಆಗ ಗೊತ್ತಿಲ್ಲದಿದ್ದ ಒಂದು ವಿಷಯವನ್ನು ಹೇಳಿಬಿಡಬೇಕು. ಗೇಟಿನ ಕಂಬದ ಮೇಲೆ ಬೋರಲು ಹಾಕಿದ ಬಕೆಟ್ಟು ಆ ಸಂಘದ ಗುರುತು. ಈ ಮನೆಯಲ್ಲಿ ಕಷ್ಟವಿದೆ, ಕೈ ಬೇಕು ಎಂದು ಅದರ ಅರ್ಥ. ಬಾಯಿಬಿಟ್ಟು ಕೇಳಲು ನಾಚಿಕೆಯಾಗುವವರಿಗೆಂದು ಮಾಡಿಕೊಂಡ ಏರ್ಪಾಡು. ಅದಕ್ಕೆ ಮೂರು ನಿಯಮಗಳಿವೆ. ನೋಡಿದವಳು ಕೂಡಲೇ ಬರಬೇಕು, ಏನಾಯಿತೆಂದು ಕೇಳಬಾರದು. ಮನೆಯವರು ‘ಏನೂ ಇಲ್ಲ, ಚೆನ್ನಾಗಿದ್ದೇವೆ’ ಎಂದರೆ ನಂಬಬಾರದು, ಕಷ್ಟದಲ್ಲಿರುವವರು ಹೇಳುವುದೇ ಹಾಗೆ. ಗಂಡಸರಿಗೆ ತಿಳಿಸಬಾರದು, ತಿಳಿಸಿದರೆ ಅದಕ್ಕೊಂದು ಕಮಿಟಿ ಮಾಡುತ್ತಾರೆ.

ಒಂಬತ್ತು ಗಂಟೆಗೆ ಸೂಲಗಿತ್ತಿ ಅಜ್ಜಿ ಪೊರಕೆ ಹಿಡಿದುಕೊಂಡೇ ಬಂದರು. ಸಂಘಕ್ಕೆ ಎಲ್ಲರಿಗಿಂತ ಹಿರಿಯರು ಅವರೇ. ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದ್ದು, ಡೈರೆಕ್ಟರೂ ಸೇರಿ.

“ಏನಜ್ಜಿ, ಇಷ್ಟು ದೂರ?”

“ಏನಿಲ್ಲಪ್ಪ. ಹೆಂಡ್ತಿ ಕಾಣಿಸ್ತಾ ಇಲ್ಲ?”

“ತಂಗಿ ಮನೆಗೆ ಹೋಗಿದ್ದಾಳೆ. ನಾಲ್ಕು ದಿನ ಬಿಟ್ಟು ಬರ್ತಾಳೆ. ಏನೂ ತೊಂದರೆ ಇಲ್ಲ.”

ಅಜ್ಜಿಯ ಅನುಭವದಲ್ಲಿ ಇದೇ ಮಾತನ್ನು ಅಕ್ಷರಶಃ ಹೇಳಿದ ಗಂಡಸರು ಮೂವರು. ಆ ಮೂವರ ಹೆಂಡತಿಯರಲ್ಲಿ ಯಾರೂ ನಾಲ್ಕು ದಿನಕ್ಕೆ ಬಂದಿಲ್ಲ. ಒಬ್ಬಾಕೆ ಇನ್ನೂ ತಂಗಿಯ ಮನೆಯಲ್ಲೇ ಇದ್ದಾಳೆ. ಕೇಳಬಾರದೆಂಬ ನಿಯಮವಿದ್ದದ್ದರಿಂದ ಅಜ್ಜಿ ಉದ್ದವಾಗಿ ‘ಹೂಂ’ ಎಂದು ಅಂಗಳ ಗುಡಿಸಲು ಶುರುಮಾಡಿದರು.

ಡೈರೆಕ್ಟರ ತಲೆಯಲ್ಲಿ ಮಿಂಚಿತು. ಇದು ಹೆಂಡತಿಯ ಆಟ! ಸಹಾಯಕ್ಕೆ ಜನರನ್ನು ಕಳಿಸಿ ತಮ್ಮನ್ನು ಸೋಲಿಸುವ ಹುನ್ನಾರ! “ಬಿಡಿ ಅಜ್ಜಿ ಪೊರಕೇನ! ಅವಳೇ ಕಳಿಸಿದ್ದಲ್ವಾ ನಿಮ್ಮನ್ನ? ಹೋಗೋಳು ಹೋದ್ಲು, ಇನ್ನಾದ್ರೂ ನನ್ನ ಪಾಡಿಗೆ ನನ್ನ ಬಿಡೋಕಾಗಲ್ವಾ ಅವಳಿಗೆ?” ಎಂದು ಕೂಗಾಡಿದರು.

ಅಜ್ಜಿ ಕಣ್ಣೊರೆಸಿಕೊಂಡರು. ಅವರಿಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ.

ಮಂಗಳವಾರ ಬೆಳಿಗ್ಗೆ ಹಾಲು ಕರೆಯಲು ಡೈರೆಕ್ಟರು ಬಕೆಟ್ಟನ್ನು ಕಂಬದಿಂದ ಇಳಿಸಿದರು. ಬೀದಿಯ ಹೆಂಗಸರು ಸದ್ಯ, ಒಂದೇ ದಿನಕ್ಕೆ ಚೇತರಿಸಿಕೊಂಡರು ಎಂದು ನಿಟ್ಟುಸಿರು ಬಿಟ್ಟರು. ಏಳೂವರೆಗೆ ಬಕೆಟ್ಟು ಮತ್ತೆ ಕಂಬ ಏರಿತು, ನಿನ್ನೆಗಿಂತ ಹೆಚ್ಚಾಗಿ ಹೊಳೆಯುತ್ತಾ. ರೋಗ ಮರುಕಳಿಸಿದೆ ಎಂದು ಈ ಸಲ ಐದು ಜನ ಬಂದರು. ಡೈರೆಕ್ಟರು ಗೇಟಿಗೆ ಬೀಗ ಹಾಕಿದರು. ಐವರೂ ನಮ್ಮ ಮನೆಯೊಳಗಿಂದ ಹಾದು, ನನ್ನ ಹೆಂಡತಿ ಗೋಡೆಗೆ ಆನಿಸಿ ಇಟ್ಟ ಸ್ಟೂಲು ಹತ್ತಿ ಆ ಕಡೆ ಇಳಿದರು. “ಏನೇ ಇದು?” ಎಂದೆ. “ನೀವು ಸುಮ್ನಿರಿ,” ಎಂದಳು. ನಾನು ಸುಮ್ಮನಿದ್ದೆ. ಈ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷದ ಸರ್ವೀಸಿದೆ.

ಡೈರೆಕ್ಟರು ಜಗಲಿಯ ಮೇಲೆ ನಿಂತು ಭಾಷಣ ಮಾಡಿದರು. “ಕೇಳಿ ಎಲ್ಲರೂ! ನಾನು ಚೆನ್ನಾಗಿದ್ದೀನಿ! ಖುಷಿಯಾಗಿದ್ದೀನಿ! ಹುಟ್ಟಿದಾಗಿಂದ ಇಷ್ಟು ಖುಷಿಯಾಗಿ ಇದ್ದೇ ಇಲ್ಲ!”

“ಪಾಪ,” ಎಂದಳು ಹೊಲಿಗೆಯಕ್ಕ. ಊರಿಗೆಲ್ಲ ಬಟ್ಟೆ ಹೊಲಿಯುವವಳು ಅವಳು. ಇಂಥ ಸ್ಥಿತಿಯಲ್ಲಿ ಮನುಷ್ಯನನ್ನು ಒಂಟಿಯಾಗಿ ಬಿಡಬಾರದು ಎಂದು ಅಲ್ಲೇ ತೀರ್ಮಾನವಾಯಿತು. ಡೈರೆಕ್ಟರು ಸ್ನಾನಕ್ಕೆ ಹೋದರೆ ಹೊಲಿಗೆಯಕ್ಕ ಬಚ್ಚಲ ಬಾಗಿಲಲ್ಲೇ ಗುಂಡಿ ಹಾಕುತ್ತಾ ಕೂತಳು. “ಅಣ್ಣಾ, ನೀರು ಸುರಿಯೋ ಸದ್ದು ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ಬಾಗಿಲು ಮುರೀತೀನಿ!” ಎಂದಳು. ತೊಟ್ಟಿ ಪೂರ್ತಿ ಖಾಲಿಯಾಗುವವರೆಗೂ ಡೈರೆಕ್ಟರು ಸ್ನಾನ ಮಾಡಿದರು. ಹೊರಗೆ ಬಂದಾಗ ಬೆರಳುಗಳೆಲ್ಲ ಸುಕ್ಕುಗಟ್ಟಿದ್ದವು. ಅಷ್ಟರಲ್ಲಿ ಮನೆ ಒಪ್ಪವಾಗಿತ್ತು, ಬಟ್ಟೆ ಹಗ್ಗದ ಮೇಲಿತ್ತು, ಕೆಂಪು ಹಸು ಡೈರೆಕ್ಟರಿಗೆ ಕೊಡದೆ ಉಳಿಸಿಕೊಂಡಿದ್ದ ಹಾಲನ್ನು ಯಾರ ಕೈಗೋ ಕೊಟ್ಟು ಮೆಲುಕು ಹಾಕುತ್ತಿತ್ತು.

“ಗುಮಾಸ್ತರೇ, ಬರ್ಕೊಳ್ಳಿ,” ಎಂದರು ಗೋಡೆಯ ಹತ್ತಿರ ಬಂದು, ಪಿಸುದನಿಯಲ್ಲಿ. “ನಾನಾಗಿ ಸಹಾಯ ಕೇಳಿಲ್ಲ. ಬೇಡ ಅಂತ ನಲವತ್ತು ಸಲ ಹೇಳಿದ್ದೀನಿ. ಪಂಥ ಇನ್ನೂ ಜಾರಿಯಲ್ಲಿದೆ.” ಸಂಘದವರು ಮಾಡಿಟ್ಟ ಅಡುಗೆಯನ್ನು ಅವರು ಮುಟ್ಟಲಿಲ್ಲ. ತಮ್ಮದೇ ಉಪ್ಪಿಲ್ಲದ ಸೀದ ಗಂಜಿಯನ್ನು ನನ್ನೆದುರಿಗೆ ಕೂತು ಉಂಡರು. ಉಣ್ಣುವಾಗ ಕಣ್ಣು ಮಾತ್ರ ಆ ಪಾತ್ರೆಯ ಕಡೆಗೇ ಇತ್ತು.

ಸಂಘದ ಹೆಂಗಸರು ಒಬ್ಬರೂ ಹೊರಗೆ ಬಾಯಿ ಬಿಡಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಸುದ್ದಿ ಹಬ್ಬಿಸಿದ್ದು ಹಾಲು ಅಳೆಸಲು ಸಾಲಿನಲ್ಲಿ ನಿಂತ ಗಂಡಸರು. ಕ್ಯಾನು ಕೆಳಗಿಟ್ಟ ಕೂಡಲೇ ಅವರ ಬಾಯಿ ಮೇಲೇಳುತ್ತದೆ. ಮೊದಲನೆಯವನು ಡೈರೆಕ್ಟರ ಹೆಂಡತಿ ಊರಲ್ಲಿಲ್ಲ ಎಂದ. ಸಾಲಿನ ಮಧ್ಯಕ್ಕೆ ಬರುವಷ್ಟರಲ್ಲಿ ಅವರು ಪಾತ್ರೆ ಪಗಡ ಸಮೇತ ಹೋಗಿದ್ದರು. ಸಾಲಿನ ಕೊನೆಯಲ್ಲಿ ಅವರು ಹಿಂದಿರುಗುವ ಮಾತೇ ಇರಲಿಲ್ಲ, ಡೈರೆಕ್ಟರಿಗೆ ತಲೆ ಕೆಟ್ಟು ದಿನವಿಡೀ ಸ್ನಾನ ಮಾಡುತ್ತಿದ್ದರು. ಸತ್ಯ ಗೊತ್ತಿದ್ದ ಒಬ್ಬನೇ ಮನುಷ್ಯ ನಾನು, ಮಾತು ಕೊಟ್ಟು ಸಿಕ್ಕಿಬಿದ್ದಿದ್ದೆ. “ಹಾಗೇನಿಲ್ಲ,” ಎಂದೊಮ್ಮೆ ಅಂದೆ. “ಪಕ್ಕದ ಮನೆಯವರು ಇನ್ನೇನು ಹೇಳ್ತೀರಿ ಪಾಪ,” ಎಂದು ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು.

ಬುಧವಾರ ಅತ್ತಿಗೆಯ ಅಣ್ಣ ಪಕ್ಕದೂರಿನಿಂದ ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಆಳು ಬಾಗಿಲಿನಷ್ಟು ಅಗಲ, ದನಿ ಟ್ರ್ಯಾಕ್ಟರಿಗಿಂತ ಜೋರು.

“ನನ್ನ ತಂಗಿ ಎಲ್ಲಿ?”

“ನಿಮ್ಮ ಚಿಕ್ಕ ತಂಗಿ ಮನೇಲಿದ್ದಾಳೆ ಭಾವ.”

“ಪಕ್ಕದಲ್ಲೇ ಇರೋ ಅಣ್ಣನ ಮನೆ ಬಿಟ್ಟು ಅಷ್ಟು ದೂರ ಹೋಗಿದ್ದಾಳೆ ಅಂದ್ರೆ ವಿಷಯ ಎಷ್ಟು ದೊಡ್ಡದಿರ್ಬೇಕು!”

“ವಿಷಯಾನೇ ಇಲ್ಲ ಭಾವ!”

“ಅಂದ್ರೆ ವಿಷಯಾನೇ ಇಲ್ದೆ ಓಡಿಸಿದ್ರಾ?”

ಡೈರೆಕ್ಟರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಅಷ್ಟರಲ್ಲಿ ಹೊಲಿಗೆಯಕ್ಕ ತಟ್ಟೆ ತಂದಿಟ್ಟಳು. ಭಾವ ಕೂತು ಎರಡು ಸಲ ಬಡಿಸಿಕೊಂಡು ಉಂಡರು. ಹೊಟ್ಟೆ ತುಂಬಿದ ಮೇಲೆ ಕೋಪ ಇಳಿದು ಅಳು ಬಂತು. “ನಾಳೆ ನಿಮ್ಮ ಸಭೆಗೆ ಬರ್ತೀನಿ. ಅಲ್ಲೇ ನಾಲ್ಕು ಜನರ ಎದುರಿಗೆ ಇತ್ಯರ್ಥ ಆಗ್ಲಿ,” ಎಂದು ಮೂಗೊರೆಸಿಕೊಂಡು ಟ್ರ್ಯಾಕ್ಟರು ಹತ್ತಿದರು.

ಅವರು ಹೋದ ಮೇಲೆ ಡೈರೆಕ್ಟರು ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು ಅಡುಗೆಮನೆಗೆ ನುಗ್ಗಿದರು, ಅಜ್ಜಿಯನ್ನು ಇವತ್ತು ಹೊರಗೆ ಕಳಿಸಿಯೇ ಸೈ ಎಂದು. ಅಜ್ಜಿ ಒಲೆಯ ಮುಂದೆ ನಿಂತಿದ್ದರು. ತಿರುಗಿಯೂ ನೋಡದೆ ಕೈಯನ್ನು ಹಿಂದಕ್ಕೆ ಚಾಚಿ, ಮೇಲಿನ ಹಲಗೆಯ ಮೂರನೆಯ ಡಬ್ಬಿಯ ಹಿಂದಿನಿಂದ ಉಪ್ಪಿನ ಜಾಡಿ ತೆಗೆದರು.

ಡೈರೆಕ್ಟರು ನಿಂತಲ್ಲೇ ನಿಂತರು. ಮೂರು ದಿನ ಹುಡುಕಿದ್ದ ಉಪ್ಪು ಅದು. “ಅದು ಅಲ್ಲಿದೆ ಅಂತ ನಿಮಗೆ ಹೇಗೆ ಗೊತ್ತು?”

“ನಾನೇ ಇಟ್ಟ ಜಾಗ ಅಲ್ವೇನಪ್ಪ. ನಿಮ್ಮಮ್ಮ ಹಾಸಿಗೆ ಹಿಡಿದಾಗ.”

“ಅಮ್ಮನ್ನ ನೋಡ್ಕೊಂಡಿದ್ದು ನನ್ನ ಹೆಂಡ್ತಿ.”

“ನಿನ್ನ ಹೆಂಡ್ತಿಗೆ ಆಗ ಎಂಟನೇ ತಿಂಗಳು, ಈಗ ಹಾಸ್ಟೆಲ್ಲಲ್ಲಿ ಓದ್ತಿರೋ ಮಗಳು ಹೊಟ್ಟೇಲಿದ್ಲು. ಬಗ್ಗೋಕೇ ಆಗ್ತಿರ್ಲಿಲ್ಲ, ಇನ್ನು ಮಲಗಿದೋರನ್ನ ಹೊರಳಿಸ್ತಾಳಾ? ನಲವತ್ತೆರಡು ದಿನ ನಾವು ಹನ್ನೊಂದು ಜನ ಸರದಿ ಹಾಕ್ಕೊಂಡು ಬಂದ್ವಿ. ಬೆನ್ನು ಹುಣ್ಣಾಗಬಾರ್ದು ಅಂತ ಎರಡೆರಡು ಗಂಟೆಗೆ ಹೊರಳಿಸ್ತಿದ್ವಿ. ನೀನು ಸೊಸೈಟಿಯಿಂದ ಬರೋದ್ರೊಳಗೆ ಹೋಗ್ಬಿಡ್ತಿದ್ವಿ, ನಿನಗೆ ಸಂಕೋಚ ಆಗ್ಬಾರ್ದು ಅಂತ.” ಅಜ್ಜಿ ಉಪ್ಪು ಹಾಕಿ ಕಲಕಿದರು. “ಒಂದಿನ ಊಟ ಮಾಡ್ತಾ ಹೆಂಡ್ತಿಗೆ ‘ಇವತ್ತು ಅಡುಗೆ ಬಾಳ ಚೆನ್ನಾಗಿದೆ’ ಅಂದ್ಯಂತೆ. ಅವತ್ತು ನನ್ನ ಸರದಿ. ಅವಳು ಬಂದು ಹೇಳಿದ್ಲು, ನಂಗೆ ಭಾರೀ ಖುಷಿ ಆಯ್ತು.”

ಡೈರೆಕ್ಟರು ಅಲ್ಲೇ ನೆಲದ ಮೇಲೆ ಕೂತರು. ನಗಿಸಬೇಕೆಂದು ಶುರುಮಾಡಿದ ಕಥೆಯಿದು, ಆದರೆ ನಡೆದದ್ದನ್ನು ಮುಚ್ಚಿಡಲಾರೆ. ಅವರು ಅತ್ತರು. ಅವರ ತಾಯಿ ಕೊನೆಯವರೆಗೂ ಒಂದು ಗಾಯವಿಲ್ಲದೆ, ಒಗೆದ ಬಟ್ಟೆಯಲ್ಲಿ ಮಲಗಿದ್ದರು. ಅದು ತಾನಾಗಿ ಆಗುವ ಕೆಲಸವೆಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಅವರ ಅಳು ನೋಡಲಾರದೆ ಅಜ್ಜಿ ನಿಯಮ ಮುರಿದು ಬಕೆಟ್ಟಿನ ಗುಟ್ಟನ್ನು ಆಗ ಹೇಳಿದರು. ಹೆಂಡತಿ ಯಾರನ್ನೂ ಕಳಿಸಿಲ್ಲ, ತಾವೇ ಮೂರು ದಿನ ಕಂಬದ ಮೇಲೆ ಕರೆಯೋಲೆ ಇಟ್ಟಿದ್ದೇವೆ ಎಂದು ಡೈರೆಕ್ಟರಿಗೆ ತಿಳಿಯಿತು. ಅವರೂ ಪಂಥದ ವಿಷಯ ಅಜ್ಜಿಗೆ ಹೇಳಿಬಿಟ್ಟರು. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ನಕ್ಕರು.

“ನಮ್ಮನೇಲೂ ಬಕೆಟ್ಟು ಇಟ್ಟಿದ್ರಾ ಅಜ್ಜಿ?” ಎಂದೆ ನಾನು.

“ಎರಡು ಸಲ.”

ಒಣಗಲು ಇಟ್ಟಿದ್ದಾರೆ ಎಂದುಕೊಂಡಿದ್ದೆ ನಾನು.

“ಮತ್ತೆ ಉಳಿದ ಡೈರೆಕ್ಟರುಗಳ ಮನೇಲಿ?” ಎಂದು ಡೈರೆಕ್ಟರು ಕೇಳಿದರು.

“ಎಲ್ಲರ ಮನೇಲೂ. ಗಾಲಿಕುರ್ಚಿ, ದೊಡ್ಡ ಪಾತ್ರೆಗಳು, ಹಾಸಿಗೆ ಬಟ್ಟೆ ಎಲ್ಲ ಆ ಸ್ಕೂಲ್ ಕೋಣೇಲೇ ಇರೋದು. ಅದು ಹೋಯ್ತು ಅಂದ್ರೆ ಅಷ್ಟೇ, ಮುಗೀತು.”

ಡೈರೆಕ್ಟರು ಎದ್ದು ನಿಂತರು. “ನಾಳೆ ಸಭೇಲಿ ಇದನ್ನೇ ಹೇಳ್ತೀನಿ! ಯಾರ್ಯಾರ ಮನೇಲಿ ಯಾವಾಗ ಏನೇನು ಮಾಡಿದ್ರಿ ಅಂತ ಒಂದೂ ಬಿಡದೆ!”

“ಬೇಡ,” ಎಂದರು ಅಜ್ಜಿ. ನಗು ನಿಂತಿತ್ತು. “ಒಬ್ಬರ ಮನೆ ಕಷ್ಟ ಹೊರಗೆ ಹೋದ್ರೆ ನಾಳೆಯಿಂದ ಯಾರೂ ಬಕೆಟ್ಟು ಇಡಲ್ಲ. ಗೋಡೌನ್ ಸಿಗದಿದ್ರೂ ಪರವಾಗಿಲ್ಲ, ಅದು ಮಾತ್ರ ಬಾಯಿಂದ ಬರಬಾರ್ದು. ನನ್ನ ಕೈಲಿ ಹುಟ್ಟಿದೋನು ನೀನು, ಮಾತು ಕೊಡು.”

ಡೈರೆಕ್ಟರು ಮಾತು ಕೊಟ್ಟರು. ಹೀಗೆ ಸಂಘ ಮಾಡುವ ಕೆಲಸವನ್ನು ಕೊನೆಗೂ ತಿಳಿದುಕೊಂಡ ಒಬ್ಬ ಡೈರೆಕ್ಟರು ಅದನ್ನು ಹೇಳುವ ಹಾಗಿರಲಿಲ್ಲ.

ಗುರುವಾರ ನಾಲ್ಕು ಗಂಟೆಗೆ ಸಭೆ. ಭಾವ ಬಾಗಿಲಲ್ಲಿ ಕೂತಿದ್ದರು, ಆದ್ದರಿಂದ ಒಳಗೆ ಬೆಳಕು ಕಡಿಮೆ. ನಮ್ಮ ಡೈರೆಕ್ಟರು ಎದ್ದು ಗೋಡೌನು ಸಂಘಕ್ಕೆ ಕೊಡಬೇಕು ಎಂದರು. ಉಳಿದವರು ಕಣ್ಣು ಕಣ್ಣು ಬಿಟ್ಟರು.

“ಯಾಕೆ?” ಎಂದರು ಅಧ್ಯಕ್ಷರು.

“ಅವರು... ಒಳ್ಳೆಯ ಕೆಲಸ ಮಾಡ್ತಾರೆ.”

“ಏನು ಕೆಲಸ?”

ಡೈರೆಕ್ಟರು ಬಾಯಿ ತೆರೆದರು, ಮುಚ್ಚಿದರು. “ಟೀ ಕುಡೀತಾರೆ,” ಎಂದರು ಕೊನೆಗೆ.

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ, “ನೋಡಿ ಡೈರೆಕ್ಟ್ರೇ, ನಿಮ್ಮ ಮನೆ ವಿಷಯ ಎಲ್ಲರಿಗೂ ಗೊತ್ತಿದೆ. ಸಂಕೋಚ ಬೇಡ. ನಿಮ್ಮ ಮನೆಯವರು ಬಿಟ್ಟು ಹೋಗಿದ್ದು ಈ ಗೋಡೌನ್ ವಿಷಯಕ್ಕೇನಾ?” ಎಂದು ಕೇಳಿದರು.

ನಾನು ಪೆನ್ನು ಕೆಳಗಿಟ್ಟೆ. ಗುರುವಾರ ಬಂದಿತ್ತು, ನನ್ನ ಬಾಯಿಯ ಬೀಗ ತೆರೆದಿತ್ತು. ಇದು ಬರೀ ಪಂಥ, ಗಂಡ ಹೆಂಡತಿ ಚೆನ್ನಾಗಿಯೇ ಇದ್ದಾರೆ ಎಂದು ನಾನೊಂದು ಮಾತು ಹೇಳಿದ್ದರೆ ಅವರ ಮಾನ ಉಳಿಯುತ್ತಿತ್ತು. ಗೋಡೌನು ಹೋಗುತ್ತಿತ್ತು. ನಾನು ಅರ್ಧ ಎದ್ದೆ. ಡೈರೆಕ್ಟರು ಮೇಜಿನಡಿಯಲ್ಲಿ ನನ್ನ ಕಾಲು ತುಳಿದರು. ಬಕೆಟ್ಟಿನ ಹೊಳಪನ್ನೂ ಊರಿಗೆ ತೋರಿಸಬೇಕೆನ್ನುವ ಮನುಷ್ಯ ಅವರು. ಮೂರು ದಿನ ಜಗಲಿಯ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದ ಸತ್ಯವನ್ನು ಒಂದೇ ಸಲಕ್ಕೆ ನುಂಗಿದರು.

“ಹೌದು,” ಎಂದರು. “ಬಿಟ್ಟು ಹೋಗಿದ್ದಾಳೆ. ಗೋಡೌನ್ ಕೊಡದಿದ್ರೆ ಬರೋದೇ ಇಲ್ಲ ಅಂದಿದ್ದಾಳೆ.” ಆಮೇಲೆ ಸುಳ್ಳು ಅವರಿಗೆ ರುಚಿಸತೊಡಗಿತು. “ಅವಳೊಬ್ಬಳೇ ಅಲ್ಲ. ಸಂಘದವರೆಲ್ಲ ಒಬ್ಬೊಬ್ಬರಾಗಿ ಹೋಗ್ತಾರಂತೆ. ಸರದಿ ಹಾಕ್ಕೊಂಡಿದ್ದಾರಂತೆ.”

ಸಭೆ ತಣ್ಣಗಾಯಿತು. “ಸರದೀನಾ?” ಎಂದರು ಅಧ್ಯಕ್ಷರು. “ಮುಂದಿನದು ಯಾರದು?”

“ನನಗೇನು ಗೊತ್ತು? ಮೇಲಿನ ಹುದ್ದೆಯವರಿಂದ ಶುರು ಅಂತ ಕಿವಿಗೆ ಬಿತ್ತು.”

ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. “ಬೆಳಿಗ್ಗೆ ಟ್ರಂಕು ಬಿಸಿಲಿಗೆ ಇಟ್ಟಿದ್ಲು,” ಎಂದು ತಮಗೆ ತಾವೇ ಹೇಳಿಕೊಂಡರು. ಮೂರನೆಯವರಿಗೆ ಹೆಂಡತಿ ನಿನ್ನೆಯಿಂದ ಸರಿಯಾಗಿ ಮಾತಾಡಿಲ್ಲ ಎನ್ನುವುದು ನೆನಪಾಯಿತು. ನಾಲ್ಕನೆಯವರು ಬಸ್ಸಿನ ವೇಳೆ ಕೇಳಿದರು. ಕಿವಿ ಕೇಳದವರು ಎಲ್ಲರ ಮುಖ ನೋಡಿ, ಏನೋ ಕೇಡಾಗಿದೆ ಎಂದುಕೊಂಡು ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಉಳಿದ ನಾಲ್ಕು ಕೈಗಳೂ ಎದ್ದವು. ಸೊಸೈಟಿಯ ಇತಿಹಾಸದಲ್ಲಿ ಒಂದು ಠರಾವು ಇಷ್ಟು ಬೇಗ ಪಾಸಾದದ್ದನ್ನು ನಾನು ಕಂಡಿಲ್ಲ.

ಸಂಜೆಯ ಬಸ್ಸು ಸೊಸೈಟಿಯ ಎದುರಿಗೇ ನಿಲ್ಲುತ್ತದೆ. ಅತ್ತಿಗೆ ಚೀಲ ಹಿಡಿದು ಇಳಿದು, ಬಾಗಿಲಲ್ಲಿ ಅಣ್ಣನನ್ನು ಕಂಡು ಗಾಬರಿಯಿಂದ ಒಳಗೆ ಬಂದರು. ಐವರೂ ಡೈರೆಕ್ಟರುಗಳು ಎದ್ದು ನಿಂತರು.

“ಬಾಮ್ಮ, ಬಾ,” ಎಂದರು ಅಧ್ಯಕ್ಷರು. “ಗೋಡೌನ್ ನಿಮ್ಮದೇ ಆಯ್ತು. ಇನ್ನು ಗಂಡನ್ನ ಬಿಟ್ಟು ಹೋಗೋ ಮಾತಾಡಬೇಡ. ಉಳಿದೋರಿಗೂ ಹೇಳ್ಬಿಡು.”

ಅತ್ತಿಗೆ ಗಂಡನ ಮುಖ ನೋಡಿದರು. ಕೆನ್ನೆ ಇಳಿದುಹೋಗಿತ್ತು, ಎರಡು ಬೆರಳು ಸುಟ್ಟು ಬಟ್ಟೆ ಸುತ್ತಿತ್ತು. ಡೈರೆಕ್ಟರು ಮೇಜನ್ನೇ ನೋಡುತ್ತಿದ್ದರು. ಏನು ನಡೆದಿದೆಯೋ ಅತ್ತಿಗೆಗೆ ಪೂರ್ತಿ ತಿಳಿದಿರಲಾರದು. ಆದರೆ ಹದಿನಾರು ವರ್ಷ ಸಂಘ ನಡೆಸಿದವರು, ಎಲ್ಲಿ ಪ್ರಶ್ನೆ ಕೇಳಬಾರದೆಂದು ಅವರಿಗೆ ಗೊತ್ತು.

“ಬೀಗದ ಕೈ ಮೊದಲು ಕೊಡಿ,” ಎಂದರು ಅಧ್ಯಕ್ಷರಿಗೆ. “ಬರೋದೋ ಬಿಡೋದೋ ಆಮೇಲೆ ಯೋಚನೆ ಮಾಡ್ತೀನಿ.”

ಅಧ್ಯಕ್ಷರು ಮೂರೂ ಜೇಬು ತಡಕಾಡಿ ಬೀಗದ ಕೈ ಕೊಟ್ಟರು. ಭಾವ ಇಬ್ಬರನ್ನೂ ತಬ್ಬಿಕೊಂಡು ಮತ್ತೊಮ್ಮೆ ಅತ್ತು, ಟ್ರ್ಯಾಕ್ಟರು ಹತ್ತಿದರು. ಗಂಡ ಹೆಂಡತಿ ಮನೆಯ ಕಡೆ ನಡೆದರು. ನನ್ನ ದಾರಿಯೂ ಅದೇ ಆದ್ದರಿಂದ ನಾಲ್ಕು ಹೆಜ್ಜೆ ಹಿಂದೆ ನಾನೂ ನಡೆದೆ. ಡೈರೆಕ್ಟರು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದರು, ಬಕೆಟ್ಟು, ಉಪ್ಪು, ಅಮ್ಮ, ಸಭೆ.

“ಗಂಡನ್ನ ಬಿಟ್ಟು ಹೋದೋಳು ಅಂತ ಊರಿಗೆಲ್ಲ ಹೆಸರಾಯ್ತಲ್ರೀ ನಂಗೆ,” ಎಂದರು ಅತ್ತಿಗೆ. “ನಿಮಗಂತೂ ಮರ್ಯಾದೆನೇ ಹೋಯ್ತು. ನಾಳೆ ನಾನೇ ಎಲ್ಲರಿಗೂ ನಿಜ ಹೇಳ್ಬಿಡ್ತೀನಿ.”

“ಬೇಡ,” ಎಂದರು ಡೈರೆಕ್ಟರು. “ಆ ಗೋಡೌನಿನ ಸೂರು ಸೋರುತ್ತೆ. ಸೊಸೈಟಿಯವರು ಅದನ್ನ ರಿಪೇರಿ ಮಾಡಿಸೋವರೆಗೂ ನೀನು ಸ್ವಲ್ಪ ಮುನಿಸ್ಕೊಂಡೇ ಇರು.”